ವಿಷ ಬಿದ್ದ ನೆಲದ ಲೆಕ್ಕ

ಅಮೆರಿಕದಲ್ಲಿ ಕಲುಷಿತ ನೆಲವನ್ನು ಶುದ್ಧಗೊಳಿಸುವ ಹೊಣೆ ಕೇಂದ್ರ ಸರ್ಕಾರದ ಮೇಲೆ ಬಿದ್ದದ್ದು 1980ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಸೂಪರ್‌ಫಂಡ್ ಕಾಯ್ದೆಯಿಂದ. ಅದಕ್ಕೆ ಎರಡು ವರ್ಷ ಮೊದಲು ನಯಾಗರಾ ಫಾಲ್ಸ್ ನಗರದ ಲವ್ ಕೆನಾಲ್ ಬಡಾವಣೆಯ ಜನ ಮನೆ ಬಿಟ್ಟು ಹೋಗಬೇಕಾಗಿತ್ತು. ಹಳೆಯ ಕಾಲುವೆಯಲ್ಲಿ ಹೂತಿದ್ದ ಸುಮಾರು 20,000 ಟನ್ ರಾಸಾಯನಿಕ ತ್ಯಾಜ್ಯ ನೆಲಮಾಳಿಗೆಗಳಿಗೆ ಒಸರುತ್ತಿತ್ತು. ಕಾಯ್ದೆಯಿಂದ ಹಣವೇನೋ ಬಂತು. ಆದರೆ ಇಂಥ ಜಾಗಗಳು ದೇಶದ ತುಂಬ ಸಾವಿರಾರು ಇದ್ದವು. ಮೊದಲು ಯಾವುದಕ್ಕೆ ಕೈಹಾಕಬೇಕೆಂದು ನಿರ್ಧರಿಸಲು ಒಂದು ಅಳತೆ ಬೇಕಾಯಿತು.

1982ರಲ್ಲಿ ಬಂದ ಅಪಾಯ ಶ್ರೇಣೀಕರಣ ಪದ್ಧತಿ ಆ ಅಳತೆ. ವಿಷವು ಅಂತರ್ಜಲ, ಮೇಲ್ಮೈ ನೀರು, ಗಾಳಿ ಎಂಬ ಮೂರು ದಾರಿಗಳಲ್ಲಿ ಜನರನ್ನು ತಲುಪಬಹುದು; ಪ್ರತಿ ದಾರಿಗೂ ನೂರರೊಳಗೆ ಅಂಕ. ಅವುಗಳ ಸರಾಸರಿ ತೆಗೆಯುವ ಬಗೆಯಲ್ಲೇ ಜಾಣ್ಮೆ ಇತ್ತು. ಅಂತರ್ಜಲಕ್ಕೆ 50, ಉಳಿದೆರಡಕ್ಕೆ ಸೊನ್ನೆ ಬಂದಿದೆ ಎನ್ನೋಣ. ಸಾಮಾನ್ಯ ಸರಾಸರಿ 17ನ್ನೂ ಮುಟ್ಟದು. ಅಂಕಗಳ ವರ್ಗಗಳನ್ನು ಕೂಡಿಸಿ, ವರ್ಗಮೂಲ ತೆಗೆದು, 1.73ರಿಂದ ಭಾಗಿಸಿದರೆ 28.9 ಬರುತ್ತದೆ. 28.5 ಮುಟ್ಟಿದ ಜಾಗ ರಾಷ್ಟ್ರೀಯ ಆದ್ಯತಾ ಪಟ್ಟಿಗೆ ಅರ್ಹ. ಹಾಗಾಗಿ ಬಾವಿನೀರೊಂದೇ ಕೆಟ್ಟ ಊರೂ ಲೆಕ್ಕದಲ್ಲಿ ಮುಚ್ಚಿಹೋಗುತ್ತಿರಲಿಲ್ಲ. 28.5ರ ಗೆರೆಗೆ ಮಾತ್ರ ಆರೋಗ್ಯ ವಿಜ್ಞಾನದ ಆಧಾರವಿರಲಿಲ್ಲ. ಕನಿಷ್ಠ 400 ಜಾಗಗಳಿರಬೇಕೆಂದು ಕಾಯ್ದೆ ಹೇಳಿತ್ತು, ಅಷ್ಟು ಸಿಗುವಲ್ಲಿ ಗೆರೆ ಎಳೆದರು. 1983ರ ಮೊದಲ ಪಟ್ಟಿಯಲ್ಲಿ 406 ಜಾಗಗಳಿದ್ದವು. 1990ರ ಪರಿಷ್ಕರಣೆಯಲ್ಲಿ ಮಣ್ಣಿನ ಸಂಪರ್ಕ ನಾಲ್ಕನೆಯ ದಾರಿಯಾಗಿ ಸೇರಿ ಲೆಕ್ಕ ಇನ್ನಷ್ಟು ಜಟಿಲವಾಯಿತು. ಅದನ್ನು ಮಾಡಿಕೊಡಲು ಪ್ರಿಸ್ಕೋರ್ ಎಂಬ ತಂತ್ರಾಂಶ ಬಂತು.

ಪಟ್ಟಿಗೆ ಸೇರಿದ ಜಾಗದಲ್ಲಿ ಏಳುತ್ತಿದ್ದ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಮಣ್ಣು ತೆಗೆದು ಪರೀಕ್ಷಿಸಿದ ಎರಡು ಕಡೆಗಳ ನಡುವಿನ ನೆಲದಲ್ಲಿ ಏನಿದೆ? ಇದಕ್ಕೆ ಉತ್ತರ ಬಂದದ್ದು ಚಿನ್ನದ ಗಣಿಯಿಂದ. ದಕ್ಷಿಣ ಆಫ್ರಿಕಾದ ಗಣಿ ಎಂಜಿನಿಯರ್ ಡ್ಯಾನಿ ಕ್ರಿಗೆ 1951ರಲ್ಲಿ ಅದಿರಿನ ಅಂದಾಜಿಗೆ ಬಳಸಿದ ವಿಧಾನವನ್ನು ಫ್ರಾನ್ಸಿನ ಜಾರ್ಜ್ ಮಾಥೆರಾನ್ ಮುಂದೆ ಗಣಿತಶಾಸ್ತ್ರವಾಗಿ ಕಟ್ಟಿದ; ಅದಕ್ಕೆ ಕ್ರಿಗಿಂಗ್ ಎಂದೇ ಹೆಸರು. 1980ರ ದಶಕದಲ್ಲಿ ಡಲ್ಲಾಸ್ ನಗರದ ಸೀಸ ಕರಗಿಸುವ ಕಾರ್ಖಾನೆಗಳ ಸುತ್ತಲಿನ ಮಣ್ಣಿಗೆ ಅದನ್ನು ಅನ್ವಯಿಸಿದರು. ಅಂದಾಜಿನ ಜತೆಗೇ ಅದು ಎಷ್ಟು ತಪ್ಪಿರಬಹುದು ಎಂಬುದನ್ನೂ ಈ ವಿಧಾನ ಹೇಳುತ್ತದೆ. ಮಕ್ಕಳು ಆಡುವ ಅಂಗಳವನ್ನು ಅಗೆಯಬೇಕೋ ಬಿಡಬೇಕೋ ಎಂದು ತೀರ್ಮಾನಿಸುವವರಿಗೆ ಈ ಎರಡನೆಯ ಅಂಕಿಯೇ ಹೆಚ್ಚು ಮುಖ್ಯ. 1988ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆಯ ಲಾಸ್ ವೇಗಸ್ ಪ್ರಯೋಗಾಲಯ ಜಿಯೋ-ಈಸ್ ತಂತ್ರಾಂಶವನ್ನು ಹೊರತಂದ ಮೇಲೆ ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಈ ಲೆಕ್ಕ ಸಾಧ್ಯವಾಯಿತು.

ಅಂತರ್ಜಲದ ಲೆಕ್ಕಕ್ಕೆ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಮಾಡ್‌ಫ್ಲೋ ತಂತ್ರಾಂಶ 1984ರಲ್ಲೇ ಸಿಕ್ಕಿತ್ತು. ನೆಲದೊಳಗಿನ ನೀರಿನ ಪದರವನ್ನು ಚೌಕಗಳಾಗಿ ವಿಂಗಡಿಸಿ, ಒಂದರಿಂದ ಇನ್ನೊಂದಕ್ಕೆ ಹರಿಯುವ ನೀರನ್ನು ಅದು ಲೆಕ್ಕ ಹಾಕುತ್ತದೆ. ಆದರೆ ಜೇಡಿಯ ಸಂದುಗಳಲ್ಲಿ ಸೇರಿಕೊಂಡ ಭಾರದ ದ್ರಾವಕಗಳು ನೀರಿನ ಜತೆ ಸುಲಭವಾಗಿ ಹರಿದು ಬರುವುದಿಲ್ಲ. ನೀರನ್ನು ಮೇಲೆತ್ತಿ ಶುದ್ಧಗೊಳಿಸುತ್ತಿದ್ದ 77 ಜಾಗಗಳನ್ನು ರಾಷ್ಟ್ರೀಯ ಸಂಶೋಧನಾ ಮಂಡಳಿ ಪರಿಶೀಲಿಸಿದಾಗ 69 ಕಡೆ ಗುರಿ ಮುಟ್ಟಿರಲಿಲ್ಲ ಎಂದು 1994ರ ವರದಿ ತಿಳಿಸಿತು.

ಬಿಡಿಬಿಡಿಯಾಗಿದ್ದ ಈ ಲೆಕ್ಕಗಳನ್ನು ಒಂದೇ ಕಡೆ ತಂದ ತಂತ್ರಾಂಶಗಳಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯದ ಸಾಡಾ ಒಂದು. ನಕ್ಷೆ, ಕ್ರಿಗಿಂಗ್, ಆರೋಗ್ಯದ ಅಪಾಯ, ಖರ್ಚು ಎಲ್ಲವೂ ಅದರಲ್ಲಿದ್ದವು, ಉಚಿತವಾಗಿಯೂ ಸಿಗುತ್ತಿತ್ತು. ಶುದ್ಧತೆಯ ಮಟ್ಟವನ್ನು ಏರಿಸಿದಂತೆ ಖರ್ಚು ಎಷ್ಟು ಏರುತ್ತದೆ ಎಂಬುದನ್ನು ಅದು ಗೆರೆ ಎಳೆದು ತೋರಿಸುತ್ತಿತ್ತು.

ಆ ಗೆರೆಯ ಮೇಲೆ ಎಲ್ಲಿ ನಿಲ್ಲಬೇಕೆಂಬುದು ತಂತ್ರಾಂಶದ ಕೆಲಸವಲ್ಲ. ಸೂಪರ್‌ಫಂಡ್ ಕಾಯ್ದೆಯಡಿಯ 1990ರ ನಿಯಮಗಳು ಶುದ್ಧೀಕರಣದ ವಿಧಾನದ ಆಯ್ಕೆಗೆ ಒಂಬತ್ತು ಮಾನದಂಡಗಳನ್ನು ಇಟ್ಟವು. ಕೊನೆಯ ಎರಡು, ರಾಜ್ಯದ ಒಪ್ಪಿಗೆ ಮತ್ತು ಸ್ಥಳೀಯರ ಒಪ್ಪಿಗೆ. ಯೋಜನೆ ಪ್ರಕಟವಾದ ಮೇಲೆ ಜನರ ಅಭಿಪ್ರಾಯಕ್ಕೆ ಕನಿಷ್ಠ 30 ದಿನ ಕಾಲಾವಕಾಶ ಕೊಡಲೇಬೇಕು.