ಸಭೆ, ಸಮ್ಮೇಳನಗಳಿಗೆ ಪರಿಸರಸ್ನೇಹಿ ಸ್ಥಳದ ಆಯ್ಕೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳಲ್ಲಿ ಸಭೆ, ಸಮ್ಮೇಳನ ಏರ್ಪಡಿಸುವವರು ಅನುಮತಿಗೆ ಅರ್ಜಿ ಸಲ್ಲಿಸುವ ಮುನ್ನವೇ ಸ್ಥಳದ ಬಗ್ಗೆ ಆಲೋಚಿಸುವುದು ಸೂಕ್ತ.

ಹೊಸಪೇಟೆ–ಹರಿಹರ ರೈಲು ಮಾರ್ಗವು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳ ಮೂಲಕ ಹಾದುಹೋಗುತ್ತದೆ. ಐದೂ ತಾಲ್ಲೂಕಿನವರು ಸೇರುವ ಸಭೆಗೆ ನಡುವಣ ಕೊಟ್ಟೂರು ಅನುಕೂಲಕರ. ಕೂಡ್ಲಿಗಿ, ಹಡಗಲಿಯವರು ಬಸ್ಸಿನಲ್ಲಿ ಬರಬಹುದು. ರೈಲು, ಬಸ್ಸುಗಳ ವೇಳೆ ನೋಡಿಕೊಂಡು ಸಭೆಯ ಸಮಯ ನಿಗದಿಪಡಿಸತಕ್ಕದ್ದು. ಇಲ್ಲವಾದಲ್ಲಿ ಎಲ್ಲರೂ ಕಾರು ಹಿಡಿಯುವರು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ದಡ ರಮಣೀಯವೆಂದು ಅಲ್ಲಿ ಶಾಮಿಯಾನ ಹಾಕುವುದು ಪರಿಸರಸ್ನೇಹಿ ಆಯ್ಕೆಯಲ್ಲ. ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾದ ಈ ಕೆರೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಇಲ್ಲಿನ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಧ್ವನಿವರ್ಧಕದ ಸದ್ದಿಗೆ ತಾಯಿಹಕ್ಕಿ ಗೂಡು ಬಿಟ್ಟೆದ್ದರೆ ಮೊಟ್ಟೆ, ಮರಿಗಳು ಬಿಸಿಲಿಗೆ ಈಡಾಗುತ್ತವೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಅಂಚಿಗೂ ಇದೇ ಮಾತು ಅನ್ವಯಿಸುತ್ತದೆ.

ಊರೊಳಗಿನ ಭವನವೇ ಲೇಸು. ಹಗಲಿನಲ್ಲಿ ಗಾಳಿ, ಬೆಳಕು ಸಾಕಷ್ಟಿದೆಯೇ, ಕುಡಿಯುವ ನೀರಿನ ವ್ಯವಸ್ಥೆಯಿದೆಯೇ, ಸ್ಟೀಲ್ ತಟ್ಟೆ, ಲೋಟ ತೊಳೆಯಲು ಸ್ಥಳವಿದೆಯೇ ಎಂಬುದನ್ನು ಖುದ್ದಾಗಿ ನೋಡಬೇಕು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ರಾಜ್ಯದಲ್ಲಿ 2016ರಲ್ಲಿಯೇ ನಿಷೇಧಿಸಲಾಗಿದೆ.

ಧ್ವನಿವರ್ಧಕ ಬಳಕೆಗೆ ಲಿಖಿತ ಪೂರ್ವಾನುಮತಿ ಕಡ್ಡಾಯ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳಿಂದ 100 ಮೀಟರ್ ಒಳಗಿನ ಸ್ಥಳವನ್ನು ಅರ್ಜಿಯಲ್ಲಿ ಸೂಚಿಸಬಾರದಾಗಿ ಕೋರಲಾಗಿದೆ.