ತಡವಾಗಿ ಕೊಟ್ಟ ಉತ್ತರ

ಹಲಸೂರಿನ ಶಾಲೆಯಲ್ಲಿ ಭೂಗೋಳ ಬೋಧಿಸುತ್ತಿದ್ದಾಗ, ಭಾರತವೂ ಮಡಗಾಸ್ಕರವೂ ಹಿಂದೆ ಒಂದೇ ಭೂಭಾಗವಾಗಿದ್ದವೆಂದೆ. "ನೋಡಿದವರಾರು ಸಾರ್?" ಎಂದನೊಬ್ಬ ವಿದ್ಯಾರ್ಥಿ. ಭೂಪಟದ ಅಂಚುಗಳನ್ನು ತೋರಿಸಿ ಕುಳ್ಳಿರಿಸಿದೆ. ಅದು ಉತ್ತರವಾಗಿರಲಿಲ್ಲ.

ನೋಡಿದ್ದು ಕಲ್ಲುಗಳು. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು ಸುಮಾರು 9 ಕೋಟಿ ವರ್ಷಗಳ ಹಿಂದಿನ ಲಾವಾ ಆರಿ ಉಂಟಾದವು. ಅವುಗಳೊಳಗಿನ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ನಿಯತ ಗತಿಯಲ್ಲಿ ಸೀಸವಾಗುತ್ತದೆ, ಅದೇ ಗಡಿಯಾರ. ಮಡಗಾಸ್ಕರದ ಲಾವಾಶಿಲೆಗಳ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ: ಎರಡೂ ನೆಲ ಬಿರಿದು ಬೇರ್ಪಟ್ಟ ಕಾಲದವು. ಆದರೆ ವಯಸ್ಸೊಂದೇ ಸಾಲದು. ರಾಸಾಯನಿಕ ರಚನೆಯೂ ಶಿಲೆಯಲ್ಲಿ ಉಳಿದ ಕಾಂತೀಯ ದಿಕ್ಕೂ ತಾಳೆಯಾಗಬೇಕು. ಇನ್ನೂ ಹಳೆಯ ಸಾಕ್ಷಿಯೂ ಇದೆ: ರಾಮನಗರದ ಬಂಡೆಗಳ ಕಾಲದ, ಅಂದರೆ ಸುಮಾರು 250 ಕೋಟಿ ವರ್ಷಗಳ ಗ್ರಾನೈಟ್ ಶಿಲೆಗಳು ಈಶಾನ್ಯ ಮಡಗಾಸ್ಕರದಲ್ಲಿಯೂ ಇವೆ.

ಆ ವಿದ್ಯಾರ್ಥಿ ಎಲ್ಲಿದ್ದರೂ ಇದನ್ನು ಓದಲಿ. ಅವನ ಪ್ರಶ್ನೆ ಸರಿಯಾಗಿತ್ತು, ತಪ್ಪಿದ್ದು ಮೇಷ್ಟರು.