ಸರಪಳಿಯಿಂದ ಕಪಾಟಿಗೆ

ತರಗತಿಯಲ್ಲಿ ಅರವತ್ತು ವಿದ್ಯಾರ್ಥಿಗಳು; ಗ್ರಂಥಾಲಯದಲ್ಲಿ ಪುಸ್ತಕದ ಒಂದೇ ಪ್ರತಿ. ಒಬ್ಬರು ಅದನ್ನು ಎರಡು ವಾರ ಕೊಂಡೊಯ್ದರೆ ಉಳಿದವರ ಗತಿಯೇನು? ಈ ಪ್ರಶ್ನೆಗೆ ಏಳು ಶತಮಾನಗಳ ಇತಿಹಾಸವಿದೆ.

ಪ್ಯಾರಿಸ್‌ನ ಸಾರ್ಬಾನ್ ಕಾಲೇಜಿನ 1290ರ ಪಟ್ಟಿಯಲ್ಲಿ 1017 ಸಂಪುಟಗಳಿದ್ದವು. ಎಲ್ಲವೂ ಕೈಬರಹದವು. ಹೆಚ್ಚು ಬೇಡಿಕೆಯ ಗ್ರಂಥಗಳನ್ನು ಮೇಜಿಗೆ ಸರಪಳಿಯಿಂದ ಬಿಗಿದಿದ್ದರು. ಉಳಿದವನ್ನು ಎರವಲು ಕೊಡುತ್ತಿದ್ದರು. ಪುಸ್ತಕ ಕದಲದ ಕಾರಣ ಯಾರು ಬಂದರೂ ಅದು ಅಲ್ಲಿಯೇ ಸಿಗುತ್ತಿತ್ತು.

1877ರಲ್ಲಿ ಜಸ್ಟಿನ್ ವಿನ್ಸರ್ ಹಾರ್ವರ್ಡ್‌ನ ಗ್ರಂಥಪಾಲಕರಾದರು. ಅವರ ಕಾಲದಲ್ಲಿ ಸರಪಳಿಯ ಕೆಲಸವನ್ನು ನಿಯಮವೇ ಮಾಡಿತು. ಅಧ್ಯಾಪಕರು ಸೂಚಿಸಿದ ಪುಸ್ತಕಗಳನ್ನು ಪ್ರತ್ಯೇಕ ಕಪಾಟಿನಲ್ಲಿ ಕಾಯ್ದಿರಿಸುವ ಪದ್ಧತಿ ಬೆಳೆಯಿತು.

ಮುಂದೆ ನೆರಳಚ್ಚು ಯಂತ್ರ ಬಂದಿತು; ಜೊತೆಗೆ ಹೊಸ ತಕರಾರೂ ಬಂದಿತು. ಪಠ್ಯಭಾಗಗಳ ಪ್ರತಿ ತೆಗೆದು ಮಾರುವುದನ್ನು ಪ್ರಶ್ನಿಸಿ 2012ರಲ್ಲಿ ಪ್ರಕಾಶಕರು ದೆಹಲಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ನೆರಳಚ್ಚು ಅಂಗಡಿಯ ಮೇಲೆ ದಾವೆ ಹೂಡಿದರು. ಬೋಧನೆಗೆ ಅಗತ್ಯವಾದಷ್ಟು ಪ್ರತಿ ತೆಗೆಯಲು 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಅವಕಾಶವಿದೆ ಎಂದು ದೆಹಲಿ ಉಚ್ಚ ನ್ಯಾಯಾಲಯ 2016ರಲ್ಲಿ ಹೇಳಿತು. 2017ರಲ್ಲಿ ಪ್ರಕಾಶಕರು ದಾವೆಯನ್ನು ಹಿಂದಕ್ಕೆ ಪಡೆದರು.

‘ಹೊರಗೆ ಕೊಡುವುದಿಲ್ಲ’ ಎಂಬ ಮುದ್ರೆ ಕಂಡಾಗ ನಿಮಗೆ ಬೇಸರವಾಗಬಹುದು. ಪುಸ್ತಕ ಕೊಳ್ಳಲಾರದ ನಿಮ್ಮ ಸಹಪಾಠಿಗೆ ಪರೀಕ್ಷೆಯ ಹಿಂದಿನ ದಿನವೂ ಅದು ಸಿಗುವುದು ಆ ಮುದ್ರೆಯಿಂದಲೇ.